ಇವತ್ತಿನ ಟಿಕೆಟ್

"ಈ ನಂಬರ್ ಯಾರದು?"

ಆಡಿಟರ್ ಹೀಗೆ ಕೇಳಿದ ಹೊತ್ತಿಗೆ ಮೂರನೇ ಕೌಂಟರಿನ ಅಕ್ಕ ಚೆಕ್ಕುಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದರು. ತಮ್ಮನ್ನು ಕೇಳಿದ್ದಲ್ಲ ಎಂದುಕೊಂಡು ಇನ್ನೊಂದು ಸುತ್ತು ಹಾಕಿದರು. ಆತ ಎದ್ದು ಬಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿಟ್ಟು, ಪರದೆಯ ಮೇಲೆ ಪಟ್ಟಿಯನ್ನು ನಿಧಾನಕ್ಕೆ ಸರಿಸುತ್ತ ಹೋದ. ಎಡಗಡೆ ಮೂವತ್ತೇಳು ಹೆಸರು. ಬಲಗಡೆ ಮೂವತ್ತೇಳು ಕಡೆಯೂ ಒಂದೇ ಮೊಬೈಲ್ ನಂಬರು.

"ಮೂವತ್ತೇಳು ಜನ ಸಾಲಗಾರರು, ಮೇಡಂ. ಎಲ್ಲರಿಗೂ ಸೇರಿ ಒಂದೇ ಫೋನು. ಯಾರದು ಇದು?"

ಆ ನಂಬರನ್ನು ಅಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ಚೆಕ್ಕಿನ ಕಟ್ಟು ಕೆಳಗಿಟ್ಟರು.

"ನಮ್ಮ ಮನೆಯವರದು," ಎಂದರು.

ಗಾಜಿನ ಕೋಣೆಯೊಳಗೆ ಕೂತಿದ್ದ ಮ್ಯಾನೇಜರ್ ಅಲ್ಲೇ ತಲೆ ಮೇಲೆ ಕೈ ಹೊತ್ತ. ಈ ಶಾಖೆಗೆ ಬಂದು ಎಂಟು ತಿಂಗಳಾಗಿತ್ತು. ಸಾಲಗಳು ಅವನಿಗಿಂತ ಹಳೆಯವು. ಆದರೂ ಕುರ್ಚಿಯಲ್ಲಿ ಇವತ್ತು ಕೂತವನು ಅವನೇ ತಾನೆ.

ಆಡಿಟರಿಗೆ ಮೂವತ್ತರ ಆಸುಪಾಸು. ಅಂಗಿಗೆ ಗರಿಗರಿ ಇಸ್ತ್ರಿ, ಮುಖಕ್ಕೆ ಮಾತ್ರ ಇಸ್ತ್ರಿ ಇಲ್ಲ. ಬೆಳಿಗ್ಗೆಯಿಂದ ಅವನ ಫೋನು ಮೇಜಿನ ಮೇಲೆ ಬೋರಲು ಬಿದ್ದುಕೊಂಡು ಗಳಿಗೆಗೊಮ್ಮೆ ಗುಯ್‌ಗುಡುತ್ತಿತ್ತು. ಪ್ರತಿ ಸಲವೂ ತೆಗೆದು ನೋಡುವುದು, ಮತ್ತೆ ಬೋರಲು ಹಾಕುವುದು. ಈಗಲೂ ಹಾಗೇ ಮಾಡಿ ಹೇಳಿದ: "ಇಲ್ಲದ ಜನರ ಹೆಸರಲ್ಲಿ ಸಾಲ ತಗೊಂಡು, ಮೆಸೇಜೆಲ್ಲ ತಮ್ಮ ಮನೆ ಫೋನಿಗೆ ಬರೋ ಹಾಗೆ ಮಾಡ್ಕೊಳ್ತಾರೆ ಕೆಲವರು. ನೀವು ಹಾಗೆ ಮಾಡಿದ್ದೀರಿ ಅಂತ ನಾನು ಹೇಳ್ತಾ ಇಲ್ಲ. ಕಂಪ್ಯೂಟರ್ ಹೇಳ್ತಾ ಇದೆ."

ಅಕ್ಕನ ನಿವೃತ್ತಿಗೆ ಸರಿಯಾಗಿ ಐದು ತಿಂಗಳು ಬಾಕಿ. ವಂಚನೆ ಎಂಬ ಒಂದು ಪದ ಕಡತಕ್ಕೆ ಹತ್ತಿದರೆ ಪಿಂಚಣಿ ಹೋದಂತೆಯೇ. ಗಂಡನ ಕಡೆಯಿಂದ ಬರುವ ಪಿಂಚಣಿ ಏನೂ ಇರಲಿಲ್ಲ. ಮೂವತ್ನಾಲ್ಕು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವರಿಗೆ ಕಂಪನಿ ಕೊನೆಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಂಡಿತ್ತು. ಅದೂ ನಿಂತು ಎರಡು ವರ್ಷವಾಗಿತ್ತು.

ಅಕ್ಕನ ಗಂಡ ಊರಿಗೆಲ್ಲ ಭಾವ ಆಗಬೇಕಿತ್ತು. ಆದರೆ ಯಾವ ಲೆಕ್ಕದಲ್ಲೋ ಏನೋ, ಆತ ಎಲ್ಲರಿಗೂ ಮಾವ. ಮಾತು ಮುಗಿಸುವಾಗಲೆಲ್ಲ 'ರೈಟ್' ಎನ್ನುವ ಚಾಳಿ ಬಸ್ಸಿನಿಂದ ಇಳಿದ ಮೇಲೂ ಬಿಟ್ಟಿರಲಿಲ್ಲವಾದ್ದರಿಂದ ರೈಟ್ ಮಾವ. ಅಕ್ಕನ ಊಟದ ಡಬ್ಬಿ ತಂದುಕೊಡಲು ದಿನಾ ಹನ್ನೆರಡೂವರೆಗೆ ಶಾಖೆಗೆ ಬರುವವರು, ಡಬ್ಬಿ ಖಾಲಿಯಾಗುವವರೆಗೆ ಗೋಡೆ ಪಕ್ಕದ ಬೆಂಚಿನಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುವರು.

ಎರಡು ವರ್ಷದ ಹಿಂದೆ ಅಂಥ ಒಂದು ಮಧ್ಯಾಹ್ನವೇ ಈ ಕತೆ ಶುರುವಾದದ್ದು.

ಬ್ಯಾಂಕು ಆಗಷ್ಟೇ ಫೋನಿನಲ್ಲಿ ಸಾಲ ಕೊಡುವ ಆ್ಯಪ್ ತಂದಿತ್ತು. 'ಮೂರು ನಿಮಿಷದ ಸಾಲ' ಎಂದು ಅದರ ಹೆಸರು. ಅರ್ಜಿ ಇಲ್ಲ, ಜಾಮೀನು ಇಲ್ಲ, ಮುಖ ನೋಡುವವರಿಲ್ಲ. ಕೇಳಿದವನು ಕೇಳುತ್ತಿದ್ದಂತೆ ಫೋನೇ ಹೂಂ ಅಥವಾ ಊಹೂಂ ಅನ್ನುತ್ತದೆ. ಪ್ರಧಾನ ಕಚೇರಿಯವರಿಗೆ ಖುಷಿಯೋ ಖುಷಿ. ಸಾಲ ಕೊಡುವ ಖರ್ಚು ಹತ್ತರಲ್ಲಿ ಒಂದು ಪಾಲಿಗಿಳಿದಿತ್ತು. ಲಾಭ ಏರುವ ಗೆರೆಯ ಚಿತ್ರ ಬಿಡಿಸಿ ಎಲ್ಲ ಶಾಖೆಗೂ ಕಳಿಸಿದ್ದರು. ಜೊತೆಗೆ ಆಜ್ಞೆ: ಪ್ರತಿ ಶಾಖೆಯೂ ಒಂದು ವಾರದೊಳಗೆ ನಲವತ್ತು ಸಾಲ ಮಾಡಿಸಬೇಕು.

ಅಕ್ಕನ ಶಾಖೆಗೆ ಬರುವವರು ಎಂಥವರು? ಬೀಗದ ಕೈ ಮಾಡುವಾತನ ಫೋನಿನ ಗಾಜು ಒಡೆದು ಅಕ್ಷರವೇ ಕಾಣುತ್ತಿರಲಿಲ್ಲ. ಚಹಾದಾಕೆಯ ಫೋನು ಹಗಲೆಲ್ಲ ಮಗಳ ಕೈಯಲ್ಲಿ. ಇಸ್ತ್ರಿಯಮ್ಮನಿಗೆ ಫೋನೇ ಇಲ್ಲ. ಆ್ಯಪ್ ಮಾತ್ರ ಹಟ ಹಿಡಿದಿತ್ತು: ನಂಬರು ಕೊಡಿ, ಅದಕ್ಕೆ ಒಟಿಪಿ ಬರುತ್ತೆ, ಕಂತಿನ ಮೆಸೇಜು ಬರುತ್ತೆ. ಓದುವವರಿಲ್ಲದ ಫೋನಿಗೆ ಮೆಸೇಜು ಬಂದರೇನು, ಬಾರದಿದ್ದರೇನು ಎಂದು ಅಕ್ಕನಿಗೆ ಅನಿಸಿತು. ತಲೆ ಎತ್ತಿದರೆ ಬೆಂಚಿನಲ್ಲಿ ಮಾವ ಕೂತಿದ್ದರು.

"ರೀ, ನಿಮ್ಮ ಫೋನ್ ಆನ್ ಇದೆಯಾ?"

ಅಷ್ಟೇ. ಶಾಖೆಗೆ ಕೊಟ್ಟ ಟ್ಯಾಬ್‌ನಲ್ಲಿ ಅಕ್ಕ ಒಬ್ಬೊಬ್ಬರದೇ ವಿವರ ತುಂಬಿದರು, ನಂಬರು ಮಾತ್ರ ಮಾವನದು. ಆಗಿನ್ನೂ ಆ್ಯಪ್ ಎಳೆಗೂಸು, ಒಂದೇ ನಂಬರನ್ನು ಎಷ್ಟು ಸಲ ಕೊಟ್ಟರೂ ನುಂಗುತ್ತಿತ್ತು. ನಲವತ್ತರಲ್ಲಿ ಮೂವರಿಗೆ ಮಾತ್ರ ಸ್ವಂತ ನಂಬರು ಬಿತ್ತು, ಉಳಿದದ್ದೆಲ್ಲ ಮಾವನ ಲೆಕ್ಕಕ್ಕೆ. ಬೆಂಚಿನ ಮೇಲಿನ ಗೋಡೆಗೆ 'ನಿಮ್ಮ ಒಟಿಪಿಯನ್ನು ಯಾರಿಗೂ ಹೇಳಬೇಡಿ' ಎಂಬ ದೊಡ್ಡ ಪೋಸ್ಟರು ಅಂಟಿಸಿತ್ತು. ಸರಿಯಾಗಿ ಅದರ ಕೆಳಗೇ ಕೂತು ಮಾವ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಗಂಟಲಲ್ಲಿ ಕೂಗುತ್ತಿದ್ದರು: "ಇಸ್ತ್ರಿಯಮ್ಮಾ, ನಾಲ್ಕು ಒಂಬತ್ತು ಎರಡು ಆರು! ಕೌಂಟರಲ್ಲಿ ಬೇಗ ಹೇಳಿ, ಮುಂದಿನ ಸ್ಟಾಪ್ ಬಂತು! ಬೀಗದವರು ಎಲ್ಲಪ್ಪ? ಏಳು ಏಳು ಸೊನ್ನೆ ಮೂರು! ರೈಟ್!" ಜನ ನಕ್ಕಿದ್ದೇ ನಕ್ಕಿದ್ದು. ಆಗಿನ ಮ್ಯಾನೇಜರ್ ಮಾವನ ಪಕ್ಕ ನಿಂತು ಫೋಟೋ ಕೂಡ ತೆಗೆಸಿಕೊಂಡ. ತಪ್ಪು ಮಾಡುತ್ತಿದ್ದೇವೆ ಎಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಗುರಿ ಮುಟ್ಟಿದ ಮೊದಲ ಶಾಖೆ ಎಂದು ಮೇಲಿನಿಂದ ಕೇಕ್ ಬಂತು.

ಎರಡನೇ ವರ್ಷ ಹವಾ ತಿರುಗಿತು. ಊರಿನ ನೂಲಿನ ಮಿಲ್ಲು ಎರಡನೇ ಪಾಳಿ ನಿಲ್ಲಿಸಿತು. ಹಾಲು, ಅಡುಗೆ ಗ್ಯಾಸು, ಬಾಡಿಗೆ ಎಲ್ಲ ಏರಿದವು. ಬಡ್ಡಿಯೂ ಏರಿತು. ಮೂರು ನಿಮಿಷದಲ್ಲಿ ಪಡೆದವರು ಮೂರು ತಿಂಗಳಾದರೂ ಕಟ್ಟಲಿಲ್ಲ. ಮೆಸೇಜಿನ ಮೇಲೆ ಮೆಸೇಜು ಹೋದವು, ಜನ ಫೋನನ್ನೇ ಬದಲಾಯಿಸಿದರು. ಬಾರದ ಸಾಲಕ್ಕೆಂದು ಬ್ಯಾಂಕು ತನ್ನ ಲಾಭದಿಂದಲೇ ಹಣ ತೆಗೆದಿಡಬೇಕಾಯಿತು. ಏರುತ್ತಿದ್ದ ಗೆರೆ ಮುಗ್ಗರಿಸಿ ಬಿತ್ತು. ಆಗ ಪ್ರಧಾನ ಕಚೇರಿಯವರಿಗೆ ಸಣ್ಣ ಶಾಖೆಗಳ ಬಾಡಿಗೆ, ಕರೆಂಟು, ಸಂಬಳ ಕಣ್ಣಿಗೆ ಬಿದ್ದವು. ಮುಚ್ಚಬೇಕಾದ ಶಾಖೆಗಳ ಪಟ್ಟಿಯಲ್ಲಿ ಅಕ್ಕನ ಶಾಖೆ ನಾಲ್ಕನೆಯದು. ಮುಚ್ಚುವ ಮುಂಚೆ ಲೆಕ್ಕ ನೋಡಿ ಬಾ ಎಂದು ಆಡಿಟರನ್ನು ಕಳಿಸಿದ್ದರು. ನೋಡಿದರೆ ಇಲ್ಲಿನ ನಲವತ್ತೂ ಸಾಲದಲ್ಲಿ ಒಂದು ಕಂತೂ ಬಾಕಿ ಇಲ್ಲ. ಎಲ್ಲ ಕಡೆ ಬೆಂಕಿ ಬಿದ್ದಿರುವಾಗ ಇಲ್ಲಿ ಮಾತ್ರ ಬಿಸಿಯೂ ತಾಗದಿದ್ದರೆ ಯಾರಿಗಾದರೂ ಅನುಮಾನ ಬಾರದೆ ಇರುತ್ತದೆಯೇ? ಆಡಿಟರ್ ಅಗೆದ, ನಂಬರು ಸಿಕ್ಕಿತು.

"ಈ ಮೂವತ್ತೇಳು ಜನ ನಿಜವಾಗ್ಲೂ ಇದ್ದಾರಾ?" ಎಂದು ಆಡಿಟರ್ ಕೇಳಿದ.

"ಇದ್ದಾರಪ್ಪ."

"ತೋರಿಸಿ."

ಮಾವ ಡಬ್ಬಿ ಹಿಡಿದು ಬಂದದ್ದೂ ಅದೇ ಗಳಿಗೆಗೆ. ವಿಷಯ ಕೇಳಿ ಹೆಂಡತಿಯ ಮುಖ ನೋಡಿದರು. ಆಮೇಲೆ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, "ಊಟ ಆಮೇಲೆ. ಬನ್ನಿ ಸಾರ್, ನಮ್ಮ ರೂಟ್ ತೋರಿಸ್ತೀನಿ," ಎಂದರು. ಬಿಸಿಲಿನಲ್ಲಿ ಮೂವರೂ ಹೊರಟರು.

ಮೊದಲು ಸಿಕ್ಕಿದ್ದು ಮಿಲ್ಲಿನ ಗೇಟಿನೆದುರು ಚಹಾ ಮಾರುವಾಕೆ. ಆಡಿಟರ್ ಪಟ್ಟಿ ನೋಡಿ ಗುರುತಿನ ಚೀಟಿ ಕೇಳಿದ. ಆಕೆ ಕೈ ಒರೆಸಿಕೊಂಡು ತೋರಿಸಿದಳು. ಎರಡನೇ ಪಾಳಿ ನಿಂತ ಮೇಲೆ ವ್ಯಾಪಾರ ಹೇಗಿದೆ ಎಂದು ಕೇಳಿದ್ದಕ್ಕೆ, "ಸಂಜೆ ನೂರಿಪ್ಪತ್ತು ಲೋಟ ಹೋಗ್ತಿತ್ತು, ಈಗ ನಲವತ್ತು ಹೋದರೆ ಹೆಚ್ಚು," ಎಂದಳು.

"ಮತ್ತೆ ಕಂತು ಹೇಗೆ ಕಟ್ಟಿದ್ರಿ?"

"ಇವರು ಬಿಟ್ಟರೆ ತಾನೆ? ದಿನಾ ಬೆಳಿಗ್ಗೆ ಬಂದು ಎದುರಿಗೆ ನಿಂತ್ಕೊಂಡು, 'ಇವತ್ತಿನ ಟಿಕೆಟ್ ಆಯ್ತಾ?' ಅಂತಾರೆ. ಟಿಕೆಟ್ ಆಗದೆ ಸಕ್ಕರೆ ಡಬ್ಬಿ ಮುಟ್ಟೋಕೆ ಬಿಡಲ್ಲ."

ಆಕೆ ಸ್ಟೋವಿನ ಕೆಳಗಿಂದ ತಗಡಿನ ಡಬ್ಬಿ ತೆಗೆದಳು. ಒಳಗೆ ಒಂದಿಷ್ಟು ನೋಟು, ಚಿಲ್ಲರೆ, ಜೊತೆಗೆ ದಾರಕ್ಕೆ ಪೋಣಿಸಿದ ಇಪ್ಪತ್ತೆಂಟು ಗುಲಾಬಿ ಬಣ್ಣದ ಬಸ್ ಟಿಕೆಟ್ಟು.

ಬಸ್ಸಿಗೆ ಟಿಕೆಟ್ ಮಷೀನು ಬಂದ ವರ್ಷ ಹಳೆಯ ಕಾಗದದ ಟಿಕೆಟ್ಟುಗಳನ್ನು ರದ್ದಿಗೆ ಹಾಕುವವರಿದ್ದರು. ಮಾವ ಮಾಲೀಕರನ್ನು ಕೇಳಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ತುಂಬ ಮನೆಗೆ ತಂದಿದ್ದರು. ಕೆಂಪು ರಟ್ಟಿಗೆ ಪಿನ್ನು ಹೊಡೆದ ಕಟ್ಟುಗಳು, ಕಟ್ಟಿಗೆ ನೂರು. "ಏನ್ ಮಾಡ್ತೀರಿ ಇದನ್ನ, ಉಪ್ಪು ಹಾಕಿ ನೆಕ್ತೀರಾ?" ಎಂದು ಅಕ್ಕ ಅವತ್ತು ಮಂಗಳಾರತಿ ಮಾಡಿದ್ದರು. ಪೆಟ್ಟಿಗೆಗಳು ಮಂಚದ ಕೆಳಗೆ ಏಳು ವರ್ಷ ಬಿದ್ದಿದ್ದವು. ಮೂವತ್ತೇಳು ಜನರ ಕಂತಿನ ಮೆಸೇಜು ತಮ್ಮ ಫೋನಿಗೆ ಬರತೊಡಗಿದಾಗ ಮಾವನಿಗೆ ಅವು ನೆನಪಾದವು. ಕಂತನ್ನು ಮೂವತ್ತು ಪಾಲು ಮಾಡಿ, ದಿನಕ್ಕೊಂದು ಪಾಲು ಅವರವರ ಡಬ್ಬಿಗೇ ಹಾಕಿಸಿ, ಒಂದು ಟಿಕೆಟ್ ಹರಿದು ಕೊಡುವುದು. ಮೂವತ್ತು ಟಿಕೆಟ್ ಆದ ದಿನ ಡಬ್ಬಿ ತಗೊಂಡು ಬ್ಯಾಂಕಿಗೆ ಬರಬೇಕು. ಸ್ವಂತ ನಂಬರಿದ್ದ ಆ ಮೂವರು ಕೂಡ ನಮಗ್ಯಾಕೆ ಇಲ್ಲ ಎಂದು ಜಗಳ ಮಾಡಿ ಟಿಕೆಟ್ ಪಡೆದರು.

ಆಡಿಟರ್ ಮಾವನ ಕಡೆ ತಿರುಗಿದ. "ದುಡ್ಡು ನಿಮ್ಮ ಕೈಗೆ ಕೊಡ್ತಾರಾ?"

ಉತ್ತರ ಕೊಟ್ಟದ್ದು ಚಹಾದಾಕೆ. "ಇವರ ಕೈಗೆ? ಅಯ್ಯೋ, ಚಹಾದ ಚಿಲ್ಲರೆ ವಾಪಸ್ ಕೊಟ್ಟರೂ ಎರಡು ಸಲ ಎಣಿಸೋ ಮನುಷ್ಯ. ನಮ್ಮ ದುಡ್ಡು ಬೆರಳಲ್ಲೂ ಮುಟ್ಟಲ್ಲ. ಡಬ್ಬಿ ನಮ್ಮದು, ಕಟ್ಟೋದು ಅಕ್ಕನ ಕೌಂಟರಲ್ಲಿ, ನಾವೇ."

"ಮೂವತ್ನಾಲ್ಕು ವರ್ಷ ಬೇರೆಯವರ ದುಡ್ಡಿನ ಚೀಲ ಹೆಗಲಿಗೆ ಹಾಕ್ಕೊಂಡಿದ್ದೆ ಸಾರ್," ಎಂದರು ಮಾವ. "ಇಳಿಸಿದ ಮೇಲೆ ಭುಜ ಹಗುರ ಆಗಿದೆ. ಮತ್ತೆ ಯಾಕೆ?"

"ವ್ಯಾಪಾರ ಇಲ್ಲದ ದಿನ ಏನ್ ಮಾಡ್ತೀರಿ?"

"ಅರ್ಧ ಟಿಕೆಟ್." ಮಾವ ಅಂಗಿಯ ಜೇಬಿನಿಂದ ಅರ್ಧಕ್ಕೆ ಹರಿದ ಒಂದಿಷ್ಟು ಗುಲಾಬಿ ಚೂರು ತೆಗೆದು ತೋರಿಸಿದರು. "ಉಳಿದರ್ಧ ನನ್ನ ಹತ್ರ ಇರುತ್ತೆ. ಒಳ್ಳೇ ದಿನ ಬಂದಾಗ ಕೇಳಿ ಇಸ್ಕೊಳ್ತಾರೆ. ನಾನು ಬೈಯೋದಿಲ್ಲ. ಬೈದರೆ ಮಾರನೇ ದಿನ ನನ್ನ ಕಂಡು ಸಂದಿ ಹಿಡೀತಾರೆ, ಅಷ್ಟೇ."

ಆಡಿಟರನ ಫೋನು ಜೇಬಿನಲ್ಲಿ ಗುಯ್‌ಗುಟ್ಟಿತು. ತೆಗೆದು ನೋಡಿ ಒಳಗೆ ಹಾಕಿದ.

ಸಂಜೆಯೊಳಗೆ ಮೂವತ್ತಾರು ಜನ ಸಿಕ್ಕಿದರು. ಬೀಗದಾತ, ಸೈಕಲ್ ರಿಪೇರಿಯವನು, ಜಿಪ್ಪು ಹಾಕಿಕೊಡುವ ಟೈಲರು, ಪಾತ್ರೆಗೆ ಹೆಸರು ಕೆತ್ತುವಾತ, ಎಲ್ಲರ ಹತ್ತಿರವೂ ಒಂದು ಡಬ್ಬಿ, ಡಬ್ಬಿಯಲ್ಲಿ ಟಿಕೆಟ್ಟು. ಅಕ್ಕ ಅವರ ಅಂಗಡಿಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇಪ್ಪತ್ತೊಂಬತ್ತು ವರ್ಷ ಗಾಜಿನ ಕಿಂಡಿಯಿಂದ ಮುಖಗಳನ್ನಷ್ಟೇ ನೋಡಿದವರು. ಹೋದ ಕಡೆಯೆಲ್ಲ ಯಾರೋ ಸ್ಟೂಲು ಎಳೆದು ಕೂರಿಸುವರು, ನೀರು ಕೊಡುವರು. ಬೀಗದಾತನಂತೂ ಆಡಿಟರನ್ನು ಕಂಡು ಅಕ್ಕನಿಗೇನೋ ಬಡ್ತಿ ಸಿಕ್ಕಿದೆ ಎಂದುಕೊಂಡು, "ಒಳ್ಳೇ ಮನುಷ್ಯರು ಸಾರ್, ಕೊಡಿ, ದೊಡ್ಡ ಕುರ್ಚಿನೇ ಕೊಡಿ," ಎಂದುಬಿಟ್ಟ. ಅಕ್ಕನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಸಿಗದೆ ಹೋದದ್ದು ಇಸ್ತ್ರಿಯಮ್ಮ. ಹಳೆ ಪೇಟೆಯ ಮೂಲೆಯಲ್ಲಿ ಆಕೆ ಮೇಜು ಹಾಕುತ್ತಿದ್ದ ಗೋಡೆಯೇ ಇರಲಿಲ್ಲ. ಕಟ್ಟಡ ಕೆಡವಿ ಇಟ್ಟಿಗೆ ರಾಶಿ ಹಾಕಿದ್ದರು.

"ಜಾಗ ಖಾಲಿ ಮಾಡಿ ಎಂಟು ದಿನ ಆಯ್ತು," ಎಂದು ಮಾವ ತಲೆ ಕೆರೆದುಕೊಂಡರು. "ಎಲ್ಲಿ ಹೋದಳೋ ನನಗೂ ಗೊತ್ತಿಲ್ಲ."

"ಓಡಿ ಹೋದಳು ಅಂತಾನೋ, ಇರಲೇ ಇಲ್ಲ ಅಂತಾನೋ ಬರೀಬೇಕಾಗುತ್ತೆ," ಎಂದ ಆಡಿಟರ್. ದನಿಯಲ್ಲಿ ಕಟುತನವಿರಲಿಲ್ಲ, ಆದರೆ ಹಿಂದೆ ಸರಿಯುವ ಲಕ್ಷಣವೂ ಇರಲಿಲ್ಲ. "ಮೂವತ್ತಾರು ನಿಜ ಇಟ್ಕೊಂಡು ಒಂದು ಸುಳ್ಳು ಸೇರಿಸೋರು ಇದ್ದಾರೆ. ನಾಳೆ ಮಧ್ಯಾಹ್ನ ವರದಿ ಕಳಿಸ್ತೀನಿ. ಅಷ್ಟರೊಳಗೆ ಕರ್ಕೊಂಡು ಬನ್ನಿ."

ಮಾರನೇ ದಿನ ಮಾವ ಬೆಳಕು ಹರಿಯುತ್ತಲೇ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಹುಡುಕಲು ಹೋದರು. ಅಕ್ಕ ಕೌಂಟರಿನಲ್ಲಿ ಕೂತು ಬಾಗಿಲನ್ನೇ ನೋಡಿದರು. ಚೆಕ್ಕು ಕೊಟ್ಟವರಿಗೆ ಹಣ, ಪಾಸ್‌ಬುಕ್ ಕೊಟ್ಟವರಿಗೆ ಪಾಸ್‌ಬುಕ್, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಗಂಡನ ಮೇಲೆ ಒಮ್ಮೆ ಸಿಟ್ಟು ಬಂತು, ಈ ಹುಚ್ಚು ಟಿಕೆಟ್ಟು ಯಾರಿಗೆ ಬೇಕಿತ್ತು ಎಂದು. ಮರುಗಳಿಗೆ, ಫೋನು ಕೇಳಿದ್ದು ತಾನೇ ಅಲ್ಲವೇ ಎಂದು ತಮ್ಮ ಮೇಲೇ ಬಂತು. ಹನ್ನೊಂದು ದಾಟಿತು. ಮಾವ ಬರಿಗೈಲಿ ಬಂದು ಬೆಂಚಿನಲ್ಲಿ ಕುಸಿದು ಕೂತರು. ಅವರು ಹಾಗೆ ಮಾತಿಲ್ಲದೆ ಕೂತದ್ದನ್ನು ಅಕ್ಕ ಮದುವೆಯಾದಾಗಿನಿಂದ ಎರಡೋ ಮೂರೋ ಸಲ ನೋಡಿದ್ದಿರಬಹುದು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಬಾಗಿಲು ತಳ್ಳಿಕೊಂಡು ಒಬ್ಬಾಕೆ ಬಂದಳು. ಬೆವರು ಕಿತ್ತುಕೊಂಡು ಬರುತ್ತಿತ್ತು. ಕಂಕುಳಲ್ಲಿ ತಗಡಿನ ಡಬ್ಬಿ. ಕೌಂಟರಿನ ಕಡೆ ನೋಡದೆ ನೇರ ಬೆಂಚಿನ ಹತ್ತಿರ ಹೋಗಿ ನಿಂತಳು.

"ಮಾವ, ಎಂಟು ದಿನದ ಟಿಕೆಟ್ ಬಾಕಿ ಇದೆ. ಇವತ್ತಿಂದೂ ಸೇರಿ ಒಂಬತ್ತು ಕೊಡಿ."

ಮಾವ ಎದ್ದು ನಿಂತರು. "ಎಲ್ಲಿ ಹಾಳಾಗಿ ಹೋಗಿದ್ದೆಯೇ ತಾಯಿ?"

"ಗೋಡೆ ಕೆಡವಿದರಲ್ಲ, ಎಲ್ಲಿ ಮೇಜು ಹಾಕಲಿ? ಊರಾಚೆ ಲಾಂಡ್ರಿಯಲ್ಲಿ ಜಾಗ ಸಿಕ್ತು. ಎರಡು ಬಸ್ ಬದಲಾಯಿಸಬೇಕು. ರಜ ಕೊಟ್ಟಿದ್ದು ಇವತ್ತೇ." ಡಬ್ಬಿಯ ಮುಚ್ಚಳ ತೆಗೆದಳು. ನೋಟುಗಳ ಜೊತೆ, ಅಂಗಿಯ ಗುಂಡಿಗಳು. ಎಂಟು ಬಿಳಿ ಗುಂಡಿ, ಒಂದು ದಾರಕ್ಕೆ ಪೋಣಿಸಿದ್ದು. "ಟಿಕೆಟ್ ಇರಲಿಲ್ಲ, ಲೆಕ್ಕ ತಪ್ಪಬಾರದು ಅಂತ ದಿನಕ್ಕೊಂದು ಗುಂಡಿ ಹಾಕಿದ್ದೀನಿ. ಬೇಕಾದರೆ ಎಣಿಸಿಕೊಳ್ಳಿ."

ಅಕ್ಕ ಕೂತಲ್ಲೇ ಮುಖಕ್ಕೆ ಸೆರಗು ಒತ್ತಿಕೊಂಡರು. ಗಾಜಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಆಡಿಟರ್ ಹತ್ತಿರ ಬಂದು, ಗುರುತಿನ ಚೀಟಿ ಕೇಳುವುದನ್ನೂ ಮರೆತು, ಆ ಗುಂಡಿಗಳ ದಾರವನ್ನು ಕೈಗೆತ್ತಿಕೊಂಡು ನೋಡಿದ. ಎರಡು ದಿನದಲ್ಲಿ ಮೊದಲ ಸಲ ಅವನ ಮುಖದ ಸುಕ್ಕು ಸ್ವಲ್ಪ ಬಿಟ್ಟಿತು.

"ಇದೂ ದಾಖಲೆಗೆ ಬೇಕಾ ಸಾರ್?" ಎಂದು ಆಕೆ ಗಾಬರಿಯಿಂದ ಕೇಳಿದಳು. "ಗಿರಾಕಿಗಳ ಅಂಗಿಯಿಂದ ಕಿತ್ತಿದ್ದಲ್ಲ. ಬಿದ್ದು ಸಿಕ್ಕಿದ್ದು."

ಮಧ್ಯಾಹ್ನ ವರದಿ ಬರೆದು ಮುಗಿಸಿ ಅವನು ಅಕ್ಕನನ್ನು ಒಳಗೆ ಕರೆದ. ಮಾವನೂ ಬಂದು ಹಿಂದೆ ನಿಂತರು.

"ತಪ್ಪು ಆಗಿದೆ ಮೇಡಂ. ಅದನ್ನ ಬರೀಲೇಬೇಕು, ಬರೆದಿದ್ದೀನಿ. ಎಚ್ಚರಿಕೆ ಪತ್ರ ಬರುತ್ತೆ. ಈ ವರ್ಷದ ಇನ್‌ಕ್ರಿಮೆಂಟ್ ಹೋಗುತ್ತೆ. ಹದಿನೈದು ದಿನದೊಳಗೆ ಅವರವರ ನಂಬರ್ ಅವರವರ ಖಾತೆಗೆ ಹಾಕಬೇಕು, ಒಂದೂ ಬಿಡದ ಹಾಗೆ. ಒಟಿಪಿ ಕೂಗಿದ್ದನ್ನೂ ಬರೆದಿದ್ದೀನಿ."

"ಬರೀರಪ್ಪ," ಎಂದರು ಅಕ್ಕ.

"ವಂಚನೆ ಅಂತ ಬರೆದಿಲ್ಲ. ಯಾಕಂದ್ರೆ ಅಲ್ಲ." ಲ್ಯಾಪ್‌ಟಾಪ್ ಮುಚ್ಚಿ ಮುಂದುವರಿಸಿದ. "ಬೇರೆ ಶಾಖೆಗಳಲ್ಲಿ ನೂರು ಸಾಲಕ್ಕೆ ಹದಿನೆಂಟು ಮುಳುಗಿವೆ. ಕೊಡೋ ಖರ್ಚು ಉಳಿಸಿದ್ವಿ, ವಸೂಲಿಗೆ ಅದರ ಎರಡರಷ್ಟು ಕಳ್ಕೊಂಡ್ವಿ. ಲಾಭ ಎಲ್ಲಿಂದ ಬರಬೇಕು? ಇಲ್ಲಿ ಬಾಕಿ ಸೊನ್ನೆ. ಅದನ್ನೂ ಬರೆದಿದ್ದೀನಿ. ಯಾಕೆ ಸೊನ್ನೆ ಅನ್ನೋದನ್ನ ಎರಡು ಪುಟ ಬರೆದಿದ್ದೀನಿ. ಓದ್ತಾರೋ ಇಲ್ಲವೋ ಗೊತ್ತಿಲ್ಲ."

"ಬಸ್ಸಲ್ಲೂ ಅಷ್ಟೇ ಸಾರ್," ಎಂದರು ಮಾವ ಹಿಂದಿನಿಂದ. "ಹತ್ತಿಸ್ಕೊಳ್ಳೋದು ಏನು ಮಹಾ? ರಶ್ಶಲ್ಲಿ ನುಗ್ಗಿ ಒಬ್ಬೊಬ್ಬರ ಮುಖ ನೋಡಿ ಕೇಳಬೇಕು."

ಅಕ್ಕನಿಗೆ ಹೋದ ಜೀವ ಬಂದಂತಾಗಿತ್ತು. ಎಂದೂ ಇಲ್ಲದೆ ಎಲ್ಲರ ಮೇಲೂ ಪ್ರೀತಿ ಉಕ್ಕಿತು. ತಮ್ಮ ಮಗನ ವಯಸ್ಸಿನ ಈ ಸೊರಗಿದ ಮುಖದವನ ಮೇಲೆ, ಸ್ಟೂಲು ಎಳೆದುಕೊಟ್ಟ ಮೂವತ್ತಾರು ಜನರ ಮೇಲೆ, ಎರಡು ಬಸ್ ಬದಲಾಯಿಸಿ ಬಂದ ಆ ಇಸ್ತ್ರಿಯಮ್ಮನ ಮೇಲೆ. ಮಂಚದ ಕೆಳಗಿನ ಕಸ ಎಂದು ಏಳು ವರ್ಷ ಬೈದುಕೊಂಡೇ ಗುಡಿಸಿದ ಆ ಎರಡು ಪೆಟ್ಟಿಗೆಗಳ ಮೇಲೂ. ಆ ಪೆಟ್ಟಿಗೆ ತಂದವರ ಮೇಲೆ ಬಂದದ್ದನ್ನು ಬಾಯಿಬಿಟ್ಟು ಹೇಳುವ ರೂಢಿ ಅವರಿಬ್ಬರಲ್ಲಿ ಇರಲಿಲ್ಲ. "ಊಟ ಮಾಡಿದ್ರಾ ನೀವು?" ಎಂದಷ್ಟೇ ಕೇಳಿದರು.

ಆಡಿಟರನ್ನು ಬಸ್ ಹತ್ತಿಸಲು ಇಬ್ಬರೂ ಹೋದರು. ನಿಲ್ದಾಣದ ಕಲ್ಲುಬೆಂಚಿನಲ್ಲಿ ಅವನು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತ. ಫೋನು ಮತ್ತೆ ಗುಯ್‌ಗುಟ್ಟಿತು. ಈ ಸಲ ಅವನು ಅದನ್ನು ಬೋರಲು ಹಾಕಲಿಲ್ಲ.

"ವರದಿ ಹೋಯ್ತು. ಇದು ಬೇರೆ ಮಾತು," ಎಂದ. "ನನ್ನದೂ ಒಂದು ಮೂರು ನಿಮಿಷದ ಸಾಲ ಇದೆ. ನಮ್ಮ ಬ್ಯಾಂಕಿನದಲ್ಲ, ಬೇರೆ ಆ್ಯಪ್ ಕಂಪನಿಗಳದು. ಒಂದಲ್ಲ, ನಾಲ್ಕು. ಅಪ್ಪನ ಆಪರೇಶನ್‌ಗೆ ಅಂತ ಮೊದಲನೇದು ತಗೊಂಡೆ. ಅದನ್ನ ತೀರಿಸೋಕೆ ಎರಡನೇದು. ದಿನಕ್ಕೆ ಮೂವತ್ತು ಮೆಸೇಜ್ ಬರುತ್ತೆ. ಒಂದಾದ್ರೂ ಮನುಷ್ಯರು ಕಳಿಸಿದ್ದಲ್ಲ." ನಕ್ಕ. "ಊರೂರಿಗೆ ಹೋಗಿ ಬೇರೆಯವರ ಬಾಕಿ ಹುಡುಕೋನು ನಾನು."

ಮಾವ ಪ್ಯಾಂಟಿನ ಜೇಬಿಗೆ ಕೈಹಾಕಿ ಹೊಸ ಕಟ್ಟೊಂದನ್ನು ತೆಗೆದರು. ಕೆಂಪು ರಟ್ಟು, ನೂರು ಗುಲಾಬಿ ಹಾಳೆ. ನಾಲಿಗೆಗೆ ಬೆರಳು ತಾಗಿಸಿ ಮೊದಲನೆಯದನ್ನು ಚರ್ರನೆ ಹರಿದು ಅವನ ಕೈಗಿಟ್ಟರು.

"ಇವತ್ತಿನ ಟಿಕೆಟ್. ನಾಲ್ಕರಲ್ಲಿ ಚಿಕ್ಕದು ಯಾವುದಿದೆ, ಅದರಿಂದ ಶುರು ಮಾಡಿ. ಉಳಿದದ್ದು ನೀವೇ ಹರ್ಕೊಳ್ಳಿ. ಆಗದ ದಿನ ಅರ್ಧ. ಹೊಸ ಸಾಲ ಮಾತ್ರ ಬೇಡ." ಕಟ್ಟನ್ನು ಅವನ ಅಂಗಿಯ ಜೇಬಿಗೆ ತಾವೇ ತುರುಕಿದರು. ಬಸ್ಸು ಬಂತು. ಅವನು ಹತ್ತಿದ ಮೇಲೆ ಮಾವ ಬಸ್ಸಿನ ಪಕ್ಕೆಗೆ ಎರಡು ಸಲ ಬಡಿದು, ಡ್ರೈವರಿಗೆ ಕೇಳುವ ಹಾಗೆ ಕೂಗಿದರು: "ರೈಟ್!" ಒಳಗಿದ್ದ ಕಂಡಕ್ಟರು ತಲೆ ಹೊರಗೆ ಹಾಕಿ ಇದ್ಯಾರಪ್ಪ ಎಂದು ದುರುಗುಟ್ಟಿದ.

ಹದಿನೈದು ದಿನದಲ್ಲಿ ನಂಬರುಗಳೆಲ್ಲ ಬದಲಾದವು. ಬೀಗದಾತ ಫೋನಿಗೆ ಹೊಸ ಗಾಜು ಹಾಕಿಸಿದ. ಇಸ್ತ್ರಿಯಮ್ಮ ಗುಂಡಿ ಒತ್ತುವ ಸಣ್ಣ ಫೋನು ಕೊಂಡಳು. ಕಂತಿನ ಮೆಸೇಜು ಬರುವ ತಿಂಗಳ ಮೊದಲ ತಾರೀಕು ಮಾವನ ಫೋನು ಒಂದು ಸಲವೂ ಸದ್ದು ಮಾಡಲಿಲ್ಲ. ಅವರು ಅದನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದ್ದನ್ನು ಅಕ್ಕ ನೋಡಿಯೂ ನೋಡದಂತಿದ್ದರು. ಅಷ್ಟರಲ್ಲಿ ಚಹಾದಾಕೆಯ ಕರೆ ಬಂತು: ಮೆಸೇಜೇನೋ ನನ್ನ ಫೋನಿಗೇ ಬಂದಿದೆ, ಟಿಕೆಟ್ಟು ಇನ್ನೂ ಬಂದಿಲ್ಲ, ಎಲ್ಲಿದ್ದೀರಿ? ಮಾವ ಚಪ್ಪಲಿ ಮೆಟ್ಟಿಕೊಂಡು ಓಡಿದರು.

ಶಾಖೆಯನ್ನು ಪಟ್ಟಿಯಿಂದ ತೆಗೆದಿದ್ದೇವೆ, ಒಂದು ವರ್ಷ ನೋಡುತ್ತೇವೆ ಎಂದು ಪ್ರಧಾನ ಕಚೇರಿಯಿಂದ ಮೂರು ಸಾಲಿನ ಪತ್ರ ಬಂತು. ಆ ಎರಡು ಪುಟ ಓದಿದರೋ ಇಲ್ಲವೋ ಎಂಬುದು ಅದರಲ್ಲಿ ಇರಲಿಲ್ಲ. ಮ್ಯಾನೇಜರ್ ಪತ್ರವನ್ನು ಮೂರು ಸಲ ಓದಿ, ಎದ್ದು ಬಂದು ಅಕ್ಕನಿಗೆ ಕೈಮುಗಿದ.

ಅಕ್ಕನ ಕೆಲಸದ ಕೊನೆಯ ದಿನ ಶಾಖೆಯಲ್ಲಿ ಕುರ್ಚಿ ಸಾಲಲಿಲ್ಲ. ಚಹಾದಾಕೆ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟಳು. ಬೀಗದಾತ ಮೂರನೇ ಕೌಂಟರಿನ ಡ್ರಾಯರಿಗೆ ಹೊಸ ಬೀಗದ ಕೈ ಮಾಡಿ ತಂದಿದ್ದ, ಅಕ್ಕ ಅದನ್ನು ಇನ್ನು ತೆರೆಯುವುದಿಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಭಾಷಣ ಮಾಡಿ ಎಂದರೆ ಅಕ್ಕ ಎದ್ದು ನಿಂತು, "ನೀವೆಲ್ಲ ನನ್ನನ್ನ ಉಳಿಸಿದ್ರಿ," ಎಂದರು. ಅಷ್ಟೇ ಹೇಳಿ ಕೂತುಬಿಟ್ಟರು.

ಜನ ಕರಗಿದ ಮೇಲೆ ಅಟೆಂಡರು ಅವತ್ತಿನ ಅಂಚೆಯಲ್ಲಿದ್ದ ಒಂದು ಲಕೋಟೆ ತಂದುಕೊಟ್ಟ. ಬ್ಯಾಂಕಿನ ವಿಳಾಸ, ಆದರೆ ಮೇಲೆ 'ರೈಟ್ ಮಾವ' ಎಂದು ಬರೆದಿತ್ತು. ಕಳಿಸಿದವರ ಹೆಸರಿಲ್ಲ. ಮಾವ ಬೆಂಚಿನಲ್ಲಿ, ಪೋಸ್ಟರಿನ ಕೆಳಗೆ ಕೂತು ಒಡೆದರು. ಕಾಗದ ಇರಲಿಲ್ಲ. ಒಳಗಿದ್ದದ್ದು ಒಂದು ಕೆಂಪು ರಟ್ಟು, ತುಕ್ಕು ಹಿಡಿದ ಪಿನ್ನು, ಪಿನ್ನಿನ ಅಡಿಯಲ್ಲಿ ಟಿಕೆಟ್ಟುಗಳನ್ನು ಹರಿದಾಗ ಉಳಿಯುವ ಗುಲಾಬಿ ಅಂಚುಗಳು. ಟಿಕೆಟ್ ಒಂದೂ ಉಳಿದಿರಲಿಲ್ಲ.

ಅಕ್ಕ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಬಂದು ಕೂತರು. ಮಾವ ಹೆಬ್ಬೆರಳಿನಿಂದ ಆ ಅಂಚುಗಳನ್ನು ಒಂದೊಂದಾಗಿ ಸರಿಸುತ್ತ, ತುಟಿಯಲ್ಲೇ ಎಣಿಸುತ್ತ ಹೋದರು. ನೂರು ಮುಗಿಯುವವರೆಗೆ ಅಕ್ಕ ಮಾತಾಡಿಸಲಿಲ್ಲ. ಮುಗಿದ ಮೇಲೆ ಅವರು ಅಂಗಿಯ ಜೇಬಿನಲ್ಲಿದ್ದ ಫೋನನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟು, ಆ ಜಾಗದಲ್ಲಿ ರಟ್ಟನ್ನು ಇಟ್ಟುಕೊಂಡು, ಮೇಲಿನಿಂದ ಒಂದು ಸಲ ತಟ್ಟಿದರು.

"ರೈಟ್," ಎಂದರು, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ.